ಮಗುವಿನ ಬೊಜ್ಜು, ಊರಿನ ಹೊಣೆ

ಬಾಗಲಕೋಟೆ ಸೀಮೆಯಲ್ಲಿ ಮಕ್ಕಳ ಬೊಜ್ಜಿನ ಬಗ್ಗೆ ಉಪನ್ಯಾಸ ಅಂದಕೂಡಲೆ ಮೊದಲು ಕೇಳಿಬರುವುದು ನಗು. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಸುಗ್ಗಿ ಮುಗಿದ ಮೇಲೆ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ದುಡಿಯಲು ಗುಳೆ ಹೋಗುವ ಕುಟುಂಬಗಳಿವೆ. ಇಳಕಲ್ಲಿನ ಕುಣಿಮಗ್ಗದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಾಲಾಡಿಸಿದರೂ ಕೈಗೆ ಬರುವ ಕೂಲಿ ಎಷ್ಟೆಂಬುದು ಎಲ್ಲರಿಗೂ ಗೊತ್ತು. ಇಂಥ ಕಡೆ ‘ಹುಡುಗ ಮೈ ಹಿಡದಾನ’ ಅನ್ನುವುದು ಮೆಚ್ಚುಗೆಯ ಮಾತು. ಮೈಕೈ ತುಂಬಿಕೊಂಡ ಮಗುವೆಂದರೆ ಆ ಮನೆಯಲ್ಲಿ ಉಣ್ಣಲು ಉಡಲು ಕಡಿಮೆಯಿಲ್ಲ ಎಂದು ಅರ್ಥ. ಹಾಗಾಗಿ ಆ ನಗುವನ್ನು ಅಜ್ಞಾನವೆಂದು ತಳ್ಳಿಹಾಕಲು ಬರುವುದಿಲ್ಲ. ಅದರ ಹಿಂದೆ ನ್ಯಾಯವಾದ ಪ್ರಶ್ನೆಯೊಂದಿದೆ: ಹೊಟ್ಟೆ ತುಂಬದ ಮಕ್ಕಳೇ ಇನ್ನೂ ಇಷ್ಟಿರುವಾಗ, ಹೊಟ್ಟೆ ಬಂದ ಮಕ್ಕಳ ಚಿಂತೆ ಯಾರಿಗೆ ಬೇಕು? ಈ ಉಪನ್ಯಾಸ ಆ ಪ್ರಶ್ನೆಗೆ ಕೊಡುವ ಉತ್ತರ ಇಷ್ಟು. ಇವು ಎರಡು ಬೇರೆ ಚಿಂತೆಗಳಲ್ಲ. ನಮ್ಮ ಜಿಲ್ಲೆಗೆ ಬೇಕಾದದ್ದು ದಪ್ಪ ಮಕ್ಕಳನ್ನು ಹುಡುಕಿ ತೂಕ ಇಳಿಸುವ ಪ್ರತ್ಯೇಕ ಕಾರ್ಯಕ್ರಮವೂ ಅಲ್ಲ. ಪ್ರತಿ ಮಗುವಿನ ಬೆಳವಣಿಗೆಯನ್ನು ವರ್ಷದಿಂದ ವರ್ಷಕ್ಕೆ ಗಮನಿಸುವ, ಮತ್ತು ಮಗುವಿನ ಬದಲು ಮಗುವಿನ ಸುತ್ತಲಿನ ಊಟ, ಅಂಗಡಿ, ಆಟವನ್ನು ತಿದ್ದುವ ಒಂದೇ ಕಾರ್ಯಕ್ರಮ ಬೇಕು.

ಮೊದಲು ಲೆಕ್ಕ. ಕೇಂದ್ರ ಆರೋಗ್ಯ ಸಚಿವಾಲಯ 2016ರಿಂದ 2018ರವರೆಗೆ ನಡೆಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರ ಪೈಕಿ ಶೇ 24ರಷ್ಟು ಮಕ್ಕಳು ಎತ್ತರಕ್ಕೆ ತಕ್ಕ ಮೈಯಿಲ್ಲದ ಬಡಕಲು ಮಕ್ಕಳು. ಅತಿತೂಕದವರು ಶೇ 5. ಇಲ್ಲಿಗೆ ನಿಲ್ಲಿಸಿದರೆ ನಗುವವರ ಮಾತೇ ಗೆದ್ದಂತೆ. ಆದರೆ ಅದೇ ಸಮೀಕ್ಷೆ ಮಕ್ಕಳ ರಕ್ತವನ್ನೂ ಪರೀಕ್ಷಿಸಿತ್ತು. ಹರೆಯದ ಮಕ್ಕಳಲ್ಲಿ ಹತ್ತಕ್ಕೆ ಒಬ್ಬರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದರು. 5ರಿಂದ 9 ವರ್ಷದವರಲ್ಲಿ ಮೂವರಲ್ಲಿ ಒಬ್ಬರಿಗೆ ರಕ್ತದ ಟ್ರೈಗ್ಲಿಸರೈಡ್ ಕೊಬ್ಬು ಇರಬೇಕಾದ್ದಕ್ಕಿಂತ ಹೆಚ್ಚಿತ್ತು. ಅತಿತೂಕದವರು ನೂರಕ್ಕೆ ಐದೇ ಮಂದಿ ಇರುವಾಗ ರಕ್ತ ಕೆಟ್ಟವರು ಇಷ್ಟು ಜನ ಹೇಗೆ? ಅಂದರೆ ತೆಳ್ಳಗೆ ಕಾಣುವ ಮಕ್ಕಳೂ ಈ ಸಾಲಿನಲ್ಲಿದ್ದಾರೆ. ಇನ್ನು ಬೊಜ್ಜಿನ ಏರಿಕೆಯ ವೇಗ ನೋಡಿ. 2024ರಲ್ಲಿ ‘ದಿ ಲ್ಯಾನ್ಸೆಟ್’ ಪ್ರಕಟಿಸಿದ ಅಂದಾಜಿನಂತೆ ಭಾರತದಲ್ಲಿ ಬೊಜ್ಜಿರುವ 5ರಿಂದ 19 ವರ್ಷದ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ ಇದ್ದರು, 2022ರಲ್ಲಿ 1.25 ಕೋಟಿ. 2025ರ ಸೆಪ್ಟೆಂಬರ್‌ನಲ್ಲಿ ಯುನಿಸೆಫ್ ಕೊಟ್ಟ ವರದಿಯಲ್ಲಿ ಜಗತ್ತಿನ ಶಾಲಾ ವಯಸ್ಸಿನ ಮಕ್ಕಳ ಪೈಕಿ ಬೊಜ್ಜಿನವರು ಶೇ 9.4, ಕಡಿಮೆ ತೂಕದವರು ಶೇ 9.2. ಬೊಜ್ಜು ಮುಂದೆ ಹೋದದ್ದು ಅದೇ ಮೊದಲು. ಕರ್ನಾಟಕದ ಚಿತ್ರ ಎರಡೂ ಕಡೆ ಒಡೆದಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (2019–21) ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಕುಳ್ಳಗೆ ಉಳಿದವರು. ಅದೇ ಸಮೀಕ್ಷೆಯಲ್ಲಿ ತಾಯಂದಿರ ವಯೋಮಾನದ ಹೆಂಗಸರಲ್ಲಿ ಅತಿತೂಕದವರು ಶೇ 30ರ ಆಸುಪಾಸು. ಬೆಳೆಯದ ಮಗು, ಊದಿದ ತಾಯಿ ಒಂದೇ ಸೂರಿನಡಿ, ಒಂದೇ ಒಲೆಯ ಸುತ್ತ ಇರಬಹುದು.

ಇದಕ್ಕೆ ಕಾರಣ ಹೇಳಲು ನಾವು ದೂರ ಹೋಗಬೇಕಿಲ್ಲ. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಹುಟ್ಟಿದ ಶಿಶುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳ ಜೊತೆ ಹೋಲಿಸಿದರು. ಇಲ್ಲಿಯ ಕೂಸುಗಳ ಸರಾಸರಿ ತೂಕ 2.7 ಕೆ.ಜಿ., ಅಲ್ಲಿಯವು 3.5. ಕಡಿಮೆಯಾಗಿದ್ದದ್ದು ಸ್ನಾಯು, ಹೊಟ್ಟೆಯ ಒಳಾಂಗ. ಬೆನ್ನ ಮೇಲಿನ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಾಗಿರಲಿಲ್ಲ. ತೆಳ್ಳಗಿದ್ದೂ ಕೊಬ್ಬುಳ್ಳ ಭಾರತೀಯ ಶಿಶು ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಮೈಸೂರಿನ ಸಿಎಸ್‌ಐ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1930ರ ದಶಕದಿಂದ ಜೋಪಾನವಾಗಿಟ್ಟಿದ್ದ ಹೆರಿಗೆ ಕಡತಗಳನ್ನು ಹಿಡಿದು ಅಲ್ಲಿ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ ಹೃದಯದ ಕಾಯಿಲೆ ಹೆಚ್ಚು ಕಂಡಿತು. ನನ್ನ ವಾದಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ದೆಹಲಿಯ ಅಧ್ಯಯನ. 1969ರಿಂದ 1972ರ ನಡುವೆ ಅಲ್ಲಿ ಹುಟ್ಟಿದ ಮಕ್ಕಳನ್ನು ಬೆಳೆದು ದೊಡ್ಡವರಾಗುವವರೆಗೂ ಬೆನ್ನುಹತ್ತಿ ಅಳೆದು 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಕ್ಕರೆ ಕಾಯಿಲೆಗೆ ಇಲ್ಲವೆ ಅದರ ಹೊಸ್ತಿಲಿಗೆ ಬಂದವರು ಎರಡನೇ ವಯಸ್ಸಿನಲ್ಲಿ ತೆಳ್ಳಗಿದ್ದು, ಆಮೇಲೆ ಹನ್ನೆರಡರವರೆಗೆ ಓರಗೆಯವರಿಗಿಂತ ಬೇಗಬೇಗನೆ ಮೈ ತುಂಬಿಕೊಂಡ ಮಕ್ಕಳು. ಗಮನಿಸಿ: ಹನ್ನೆರಡನೇ ವಯಸ್ಸಿನಲ್ಲಿ ಅವರಲ್ಲಿ ಒಬ್ಬರೂ ಬೊಜ್ಜಿನ ಅಳತೆಗೆ ಮುಟ್ಟಿರಲಿಲ್ಲ. ಆ ತರಗತಿಗೆ ಹೋಗಿ ‘ಇಲ್ಲಿ ದಪ್ಪ ಮಕ್ಕಳು ಯಾರು’ ಎಂದು ಕೇಳಿದ್ದರೆ ಇವರ ಹೆಸರು ಬರುತ್ತಲೇ ಇರಲಿಲ್ಲ. ಅಪಾಯ ಇದ್ದದ್ದು ಅವರು ನಿಂತ ಜಾಗದಲ್ಲಿ ಅಷ್ಟಾಗಿ ಅಲ್ಲ, ಏರಿ ಬಂದ ದಾರಿಯಲ್ಲಿ.

ಈ ದಾರಿಯನ್ನು ನಮ್ಮ ಸೀಮೆಯ ಊಟದಲ್ಲಿ ಇಟ್ಟು ನೋಡೋಣ. ಬನಶಂಕರಿಯ ಗುಡಿಯ ಆವರಣದಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತಂದು ಮಾರುವ ಊಟ ಏನು? ಕಟಕ ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಗಡಿಗೆಯ ಮೊಸರು, ಜೊತೆಗೆ ಹಸಿ ಉಳ್ಳಾಗಡ್ಡಿ. ಪೋಷಣಾ ತಜ್ಞರು ಕಾಗದದ ಮೇಲೆ ಬರೆಯುವ ಸಮತೋಲನ ಆಹಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ: ನಾರಿರುವ ಧಾನ್ಯ, ಕಾಳು, ತರಕಾರಿ, ಎಣ್ಣೆಬೀಜ, ಹುದುಗಿದ ಹಾಲು. ರೊಟ್ಟಿಗೆ ಇನ್ನೊಂದು ಗುಣವೂ ಇದೆ. ಅದನ್ನು ಅಗಿಯಬೇಕು, ಬೇಗಬೇಗ ನುಂಗಲು ಬರುವುದಿಲ್ಲ. ಈ ಊಟ ಈಗ ಪ್ರವಾಸಿಗರಿಗೆ ವಿಶೇಷ, ಮನೆಯ ಮಕ್ಕಳಿಗೆ ಬೇಸರ. ಪಡಿತರದಲ್ಲಿ ಬಂದ ಅಕ್ಕಿ ಹಸಿವನ್ನು ಓಡಿಸಿತು, ಅದನ್ನು ಕಡೆಗಣಿಸುವುದು ಕೃತಘ್ನತೆ. ಆದರೆ ಎರಡು ಹೊತ್ತಿನ ರೊಟ್ಟಿ ಒಂದು ಹೊತ್ತಿಗೆ ಇಳಿದು, ಮಕ್ಕಳ ತಟ್ಟೆಯಲ್ಲಿ ಬಿಳಿ ಅನ್ನ, ತೆಳು ಸಾರು ಉಳಿದದ್ದೂ ಅದೇ ಕಾಲದಲ್ಲಿ. ಹಿಂಡಿ ಪಲ್ಯದ ಜಾಗಕ್ಕೆ ಬಂದದ್ದು ಐದು ರೂಪಾಯಿಯ ಪಾಕೀಟು.

ಆ ಪಾಕೀಟಿನ ಬಗ್ಗೆ ತುಸು ನಿಲ್ಲಬೇಕು. ಅದು ಸಿರಿವಂತರ ತಿನಿಸಲ್ಲ. ಅವ್ವ ಮಗ್ಗದಲ್ಲಿ ಕೂತಾಗ, ಕಂಡಿಕೆ ಸುತ್ತುವಾಗ, ಕಲ್ಲಿನ ಕ್ವಾರಿಯ ಕೆಲಸಕ್ಕೆ ಹೋದಾಗ, ಅಳುವ ಮಗುವಿನ ಕೈಗೆ ಐದು ರೂಪಾಯಿ ಇಟ್ಟರೆ ಒಂದು ತಾಸು ಮನೆ ಶಾಂತ. ಒಲೆ ಹಚ್ಚಬೇಕಿಲ್ಲ, ಮುಸುರಿ ತೊಳೆಯಬೇಕಿಲ್ಲ. ಅವಳ ಲೆಕ್ಕದಲ್ಲಿ ಅದು ಸರಿಯಾದ ನಿರ್ಧಾರವೇ. ಗುಳೆ ಹೋದ ಕಡೆ, ತಗಡಿನ ಶೆಡ್ಡಿನಲ್ಲಿ, ಮಗುವಿಗೆ ಸಿಗುವ ಏಕೈಕ ತಿಂಡಿಯೂ ಅದೇ ಇರಬಹುದು. ಅದರಲ್ಲಿ ಎಣ್ಣೆ, ಉಪ್ಪು, ಹಿಟ್ಟಿನ ಶಕ್ತಿ ಉಂಟು. ಮೂಳೆ ಬೆಳೆಯಲು, ಸ್ನಾಯು ಕಟ್ಟಲು ಬೇಕಾದದ್ದು ಹೆಚ್ಚೇನೂ ಇಲ್ಲ. ಹೀಗಾಗಿ ಒಂದೇ ಪಾಕೀಟು ಬಡಕಲು ಮಗುವನ್ನು ಬಡಕಲಾಗಿಯೇ ಉಳಿಸುತ್ತದೆ, ಇನ್ನೊಂದು ಮಗುವಿಗೆ ಹೊಟ್ಟೆ ತರಿಸುತ್ತದೆ. ತಂಪು ಪಾನೀಯದ ಕತೆಯೂ ಅಷ್ಟೆ. ಕೋಲಾದಂಥ ಪಾನೀಯದ ನೂರು ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಸಕ್ಕರೆ. ದಿನದ ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇ 5 ಮೀರಬಾರದು ಎಂಬ ಸಲಹೆಯನ್ನು 2,000 ಕ್ಯಾಲೊರಿಗೆ ಲೆಕ್ಕ ಹಾಕಿದರೆ 25 ಗ್ರಾಂ. ಒಂದು ಸಣ್ಣ ಬಾಟಲಿ ಕುಡಿದರೆ ದೊಡ್ಡವರ ದಿನದ ಪಾಲೇ ಮುಗಿಯಿತು. ‘ನಮ್ಮ ಅಮೀನಗಡದ ಕರದಂಟು ಏನು ಸಿಹಿಯಿಲ್ಲವೇ’ ಎಂದು ಯಾರಾದರೂ ಕೇಳಬಹುದು. ಸಿಹಿಯೇ. ಅಂಟು, ಬೆಲ್ಲ, ಒಣಹಣ್ಣು ಸೇರಿದ ಗಟ್ಟಿ ತಿನಿಸು. ಅದನ್ನು ಬಾಣಂತಿಗೆ, ಗರಡಿಯಲ್ಲಿ ಸಾಮು ಮಾಡುವವನಿಗೆ ಕೊಡುತ್ತಿದ್ದರು, ಹಬ್ಬ ಜಾತ್ರೆಗೆ ತರುತ್ತಿದ್ದರು. ಸಿಹಿಗೆ ಒಂದು ಸಂದರ್ಭ ಇತ್ತು. ಈಗ ಸಿಹಿಗೆ ಸಂದರ್ಭ ಬೇಕಿಲ್ಲ, ಚಿಲ್ಲರೆ ಇದ್ದರೆ ಸಾಕು.

ಸರ್ಕಾರ ಏನೂ ಮಾಡಿಲ್ಲವೇ? ಮಾಡಿದೆ, ಆದರೆ ಕೊರತೆಯನ್ನು ಹುಡುಕುವ ಕಣ್ಣಿನಿಂದ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅದು ಹುಡುಕಲು ಹೊರಟ ಮೂವತ್ತು ತೊಂದರೆಗಳ ಮೂಲ ಪಟ್ಟಿಯಲ್ಲಿ ರಕ್ತಹೀನತೆ ಇದೆ, ಗಳಗಂಡ ಇದೆ, ಎ ಮತ್ತು ಡಿ ಜೀವಸತ್ವದ ಕೊರತೆ ಇದೆ, ತೀವ್ರ ಅಪೌಷ್ಟಿಕತೆ ಇದೆ. ಬೊಜ್ಜು ಇಲ್ಲ. ಎತ್ತರ ತೂಕ ಬರೆದುಕೊಳ್ಳುತ್ತಾರೆ ನಿಜ, ಬರೆದದ್ದನ್ನು ಕಳೆದ ವರ್ಷದ ಅಂಕಿಯ ಪಕ್ಕ ಇಟ್ಟು ನೋಡುವ ಏರ್ಪಾಡು ದುರ್ಬಲ. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಗಿಸಿಕೊಳ್ಳುತ್ತಿದ್ದ ಮಗು ಒಂದನೇ ತರಗತಿಯ ಹೊಸ್ತಿಲು ದಾಟಿದೊಡನೆ ಆ ಗೆರೆ ಅಲ್ಲಿಗೆ ಕಡಿಯುತ್ತದೆ. ದೆಹಲಿಯ ಅಧ್ಯಯನ ಅಪಾಯಕಾರಿ ಎಂದು ತೋರಿಸಿದ ಅವಧಿಯ ಬಹುಪಾಲಿಗೆ ನಮ್ಮಲ್ಲಿ ಓದಬಹುದಾದ ಗೆರೆಯೇ ಇಲ್ಲ. ಇನ್ನೊಂದು ಲೋಪ ಇದಕ್ಕಿಂತ ದೊಡ್ಡದು. ಈ ಕಾರ್ಯಕ್ರಮ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೀಮಿತ. ಬಾಗಲಕೋಟೆಯ ನವನಗರದ ಸೆಕ್ಟರುಗಳಲ್ಲಿ, ಇಳಕಲ್ಲಿನ ಪೇಟೆಯಲ್ಲಿ, ಹುನಗುಂದದಲ್ಲಿ, ಹಳದಿ ಬಸ್ಸಿನಲ್ಲಿ ಬಾಗಿಲಿಂದ ಬಾಗಿಲಿಗೆ ಹೋಗಿಬರುವ ಅನುದಾನರಹಿತ ಇಂಗ್ಲಿಷ್ ಮಾಧ್ಯಮದ ಮಕ್ಕಳು ಇದರ ಹೊರಗೆ. ಬಿಸಿಯೂಟ ಅವರಿಗಿಲ್ಲ, ಸಂಚಾರಿ ತಂಡ ಅವರಿಗಿಲ್ಲ. ಬೊಜ್ಜಿನ ಅಪಾಯ ಹೆಚ್ಚಿರುವ ಮಕ್ಕಳ ಹತ್ತಿರ ಯಾವ ಕಾರ್ಯಕ್ರಮವೂ ಸುಳಿಯುವುದಿಲ್ಲ.

ಹಾಗಾದರೆ ಪಟ್ಟಿಗೆ ಬೊಜ್ಜನ್ನೂ ಸೇರಿಸಿ, ಎಲ್ಲ ಶಾಲೆಗಳಲ್ಲೂ ತೂಗಿಸಿ, ದಪ್ಪ ಮಕ್ಕಳ ಪಟ್ಟಿ ಮಾಡಿ ಪಾಲಕರಿಗೆ ಚೀಟಿ ಕಳಿಸಿದರೆ ಆಯಿತಲ್ಲ ಅನ್ನಿಸುತ್ತದೆ. ಈ ದಾರಿ ತುಳಿದವರ ಅನುಭವ ಎಚ್ಚರಿಕೆ ಹೇಳುತ್ತದೆ. ಸಿಂಗಾಪುರ 1992ರಲ್ಲಿ ‘ಟ್ರಿಮ್ ಅಂಡ್ ಫಿಟ್’ ಎಂಬ ಶಾಲಾ ಯೋಜನೆ ತಂದಿತು. ದಪ್ಪ ಮಕ್ಕಳನ್ನು ಬೇರೆ ಮಾಡಿ ಹೆಚ್ಚುವರಿ ಓಟ, ಕಸರತ್ತು ಮಾಡಿಸಿದರು. ಅಂಕಿಸಂಖ್ಯೆಯಲ್ಲಿ ಅದು ಗೆದ್ದಿತು. ಅತಿತೂಕದ ಮಕ್ಕಳ ಪ್ರಮಾಣ ಹತ್ತು ವರ್ಷದಲ್ಲಿ ಶೇ 14ರಿಂದ 10ರ ಹತ್ತಿರಕ್ಕೆ ಇಳಿಯಿತು. ಆದರೆ ಯೋಜನೆಯ ಮೂರಕ್ಷರದ ಹೆಸರು ‘ಟಿಎಎಫ್’ ಅನ್ನು ತಿರುಗಿಸಿ ‘ಎಫ್ಎಟಿ’, ಅಂದರೆ ದಪ್ಪ, ಎಂದು ಓದಲು ಮಕ್ಕಳಿಗೆ ಯಾರೂ ಕಲಿಸಬೇಕಾಗಲಿಲ್ಲ. ಅವಮಾನ, ಊಟ ಬಿಡುವ ಚಾಳಿಯ ದೂರುಗಳು ಬೆಳೆದು 2007ರಲ್ಲಿ ಅದನ್ನು ಕೈಬಿಟ್ಟು, ಎಲ್ಲ ಮಕ್ಕಳನ್ನೂ ಒಳಗೊಳ್ಳುವ ಬೇರೆ ವ್ಯವಸ್ಥೆಗೆ ಹೋದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 29 ಸಾವಿರ ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು: ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ಬಿಎಂಐ ಲೆಕ್ಕವನ್ನು ಮನೆಗೆ ಕಳಿಸಿದ್ದರಿಂದ ಮಕ್ಕಳ ತೂಕದಲ್ಲಿ ವ್ಯತ್ಯಾಸವಾಗಲಿಲ್ಲ, ಶಾಲೆಯಲ್ಲಿ ತೂಗಿಸಿಕೊಂಡ ಮಕ್ಕಳಿಗೆ ತಮ್ಮ ಮೈ ಬಗ್ಗೆ ಬೇಸರ ಮಾತ್ರ ಹೆಚ್ಚಿತು. ನಮ್ಮ ಶಾಲೆಗಳಲ್ಲಿ ‘ಡುಮ್ಮ’, ‘ಆನಿಮರಿ’ ಎಂದು ಕರೆಯುವುದು ಗೆಳೆಯರಷ್ಟೇ ಅಲ್ಲ, ಗುರುಗಳೂ ಹೌದು. ಇಂಥ ಕಡೆ ಮೈದಾನದ ನಡುವೆ ಸಾಲು ನಿಲ್ಲಿಸಿ, ತೂಕವನ್ನು ಕೂಗಿ ಹೇಳಿ ಬರೆಸುವ ಪದ್ಧತಿ ಮುಂದುವರಿದರೆ ಆರೋಗ್ಯ ಕಾರ್ಯಕ್ರಮವೇ ಗಾಯ ಮಾಡಿದಂತೆ. ಅಳೆಯಬೇಕು, ಒಬ್ಬೊಬ್ಬರನ್ನೇ, ಒಳಗಿನ ಕೋಣೆಯಲ್ಲಿ, ಅಂಕಿ ಕೂಗದೆ. ಮಗುವಿನ ಎತ್ತರವೂ ತೂಕವೂ ಒಂದೇ ಕಾರ್ಡಿನ ಮೇಲೆ ಒಂದನೇ ತರಗತಿಯಿಂದ ಹತ್ತರವರೆಗೆ ಗೆರೆಯಾಗಿ ಮುಂದುವರಿಯಬೇಕು. ಆ ಗೆರೆ ಕೆಳಗೆ ಜಾರಿದರೂ ಮೇಲೆ ಹಾರಿದರೂ ಅದೇ ಆರೋಗ್ಯ ಕಾರ್ಯಕರ್ತೆ ಅದೇ ತಾಯಿಯ ಹತ್ತಿರ ಮಾತಾಡಬೇಕು. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ಕೊಟ್ಟ ಬೆಳವಣಿಗೆಯ ನಕ್ಷೆ ಇದಕ್ಕೆ ಸಿದ್ಧವಾಗಿಯೇ ಇದೆ. ನಮ್ಮವರ ಮೈಗೆ ತಕ್ಕಂತೆ, ದೊಡ್ಡವರ ಬಿಎಂಐ 23 ಮತ್ತು 27ಕ್ಕೆ ಸರಿಹೊಂದುವ ಎರಡು ಗೆರೆಗಳನ್ನು ಅದರಲ್ಲಿ ಎಳೆದಿದ್ದಾರೆ.

ಶಾಲೆಯಲ್ಲಿ ಪಾಠ ಹೇಳಿದರೆ ಬೊಜ್ಜು ಕಡಿಮೆಯಾಗುತ್ತದೆಯೇ ಎಂಬುದಕ್ಕೆ ಪುರಾವೆ ಬೇಕಾದಷ್ಟಿದೆ, ಆದರೆ ಉತ್ಸಾಹ ತುಂಬುವಂಥದ್ದಲ್ಲ. 2024ರ ಕಾಕ್ರೇನ್ ಪರಿಶೀಲನೆ 5ರಿಂದ 11 ವರ್ಷದ ಮಕ್ಕಳ ಮೇಲಿನ 172 ಪ್ರಯೋಗಗಳನ್ನು ಒಟ್ಟಿಗೆ ತೂಗಿತು. ಆಟ ಮತ್ತು ವ್ಯಾಯಾಮ ಹೆಚ್ಚಿಸಿದ್ದರಿಂದ, ಅಥವಾ ಅದಕ್ಕೆ ಊಟದ ಬದಲಾವಣೆಯನ್ನೂ ಸೇರಿಸಿದ್ದರಿಂದ ಸಣ್ಣ ಪ್ರಯೋಜನ ಕಂಡಿತು. ಊಟದ ಮಾತು ಒಂದರಿಂದಲೇ ಸ್ಪಷ್ಟ ಲಾಭ ಕಾಣಲಿಲ್ಲ. ಇಂಗ್ಲೆಂಡಿನ ವೆಸ್ಟ್ ಮಿಡ್‌ಲ್ಯಾಂಡ್ಸ್‌ನ 54 ಶಾಲೆಗಳಲ್ಲಿ ದಿನಕ್ಕೆ ಅರ್ಧ ತಾಸು ಹೆಚ್ಚುವರಿ ಚಟುವಟಿಕೆ, ಅಡುಗೆಯ ತರಬೇತಿ ಎಲ್ಲ ಮಾಡಿದ ಪ್ರಯೋಗದ ವರದಿ 2018ರಲ್ಲಿ ಬಂದಾಗ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಶಾಲೆಯೊಂದರಿಂದ ಆಗದು ಎಂದು ಕೈಚೆಲ್ಲುವವರು ಇದನ್ನೇ ತೋರಿಸುತ್ತಾರೆ. ನಾನು ಇದರಿಂದ ಎತ್ತಿಕೊಳ್ಳುವ ಪಾಠ ಬೇರೆ. ಶಾಲೆಯ ಗೇಟಿನ ಒಳಗೆ ಆರು ತಾಸು ಹೇಳಿದ್ದನ್ನು ಗೇಟಿನ ಹೊರಗೆ ಹದಿನೆಂಟು ತಾಸು ಅಳಿಸುತ್ತಿದ್ದರೆ ಪ್ರಯೋಗ ಸೋಲುವುದು ಸಹಜ. ಆಮ್ಸ್ಟರ್ಡಾಮ್ ನಗರ ಪಾಲಿಕೆ ಹತ್ತು ವರ್ಷಕ್ಕೂ ಹಿಂದೆ ಕೈಗೆತ್ತಿಕೊಂಡ ಯೋಜನೆಯಲ್ಲಿ ಶಾಲೆ, ಆಟದ ಬಯಲು, ಕುಡಿಯುವ ನೀರು, ವಲಸಿಗರ ಬಡಾವಣೆ, ತಾಯಂದಿರ ಆರೋಗ್ಯ ಎಲ್ಲ ಒಟ್ಟಿಗಿದ್ದವು. 2012ರಲ್ಲಿ ಶೇ 21 ಇದ್ದ ಅತಿತೂಕ 2015ಕ್ಕೆ ಶೇ 18.5ಕ್ಕೆ ಬಂತು, ಬಡ ಬಡಾವಣೆಗಳಲ್ಲೂ ಇಳಿಯಿತು. ಹೋಲಿಸಿ ನೋಡಲು ಯೋಜನೆಯಿಲ್ಲದ ಇನ್ನೊಂದು ಆಮ್ಸ್ಟರ್ಡಾಮ್ ಇಲ್ಲದ್ದರಿಂದ ಪೂರ್ತಿ ಶ್ರೇಯಸ್ಸನ್ನು ಯೋಜನೆಗೇ ಕೊಡಲಾಗದು. ಆದರೂ ದಿಕ್ಕು ಸರಿಯಿದೆ ಎಂಬುದು ನನ್ನ ಎಣಿಕೆ.

ನಮ್ಮಲ್ಲಿ ಈ ಕೆಲಸಕ್ಕೆ ಎಲ್ಲಕ್ಕಿಂತ ದೊಡ್ಡ ಸಾಧನ ಬಿಸಿಯೂಟ. ಅದರ ಕೇಂದ್ರ ಮಾನದಂಡ ಪ್ರಾಥಮಿಕ ಮಕ್ಕಳಿಗೆ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಹಿರಿಯ ಪ್ರಾಥಮಿಕಕ್ಕೆ 700 ಕ್ಯಾಲೊರಿ, 20 ಗ್ರಾಂ. ಎಣ್ಣೆ 5 ಗ್ರಾಂ, 7.5 ಗ್ರಾಂ. ಬಿಸಿಯೂಟದಿಂದ ಮಕ್ಕಳಿಗೆ ಬೊಜ್ಜು ಬರುತ್ತದೆ ಎಂಬ ಆಕ್ಷೇಪಕ್ಕೆ ಈ ಅಂಕಿಗಳೇ ಉತ್ತರ. ಕರ್ನಾಟಕ ಇದನ್ನು ಹತ್ತನೇ ತರಗತಿಯವರೆಗೂ ಒಯ್ದಿದೆ. ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳಲ್ಲಿ 2021ರ ಡಿಸೆಂಬರಿನಲ್ಲಿ ಶುರುವಾದ ಮೊಟ್ಟೆ, ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ 2024ರ ಸೆಪ್ಟೆಂಬರಿನಿಂದ ವಾರದ ಆರೂ ದಿನಕ್ಕೆ ಬಂತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮೊಟ್ಟೆಯ ಸುತ್ತ ಎದ್ದ ವಾದವಿವಾದ ಬಹಳ, ಅದರ ಪೋಷಣೆಯ ಗುಣದ ಚರ್ಚೆ ಕಡಿಮೆ. ಹಸಿವನ್ನು ಹೆಚ್ಚು ಹೊತ್ತು ತಡೆಯುವ, ಸ್ನಾಯು ಕಟ್ಟುವ ಪ್ರೋಟೀನು ಬಡಕಲು ಮಗುವಿಗೂ ಬೇಕು, ಹೊಟ್ಟೆ ಬಂದ ಮಗುವಿಗೂ ಬೇಕು. ಎರಡಕ್ಕೂ ಒಂದೇ ಮದ್ದು ಎನ್ನುವುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗದು. ತಿದ್ದಬೇಕಾದದ್ದೂ ಇದೆ. 2013ರ ಕ್ಷೀರಭಾಗ್ಯದ ಹಾಲಿಗೂ 2024ರಲ್ಲಿ ಅದರ ಜೊತೆ ಸೇರಿದ ರಾಗಿ ಮಾಲ್ಟಿಗೂ ಹಾಕುವ ಸಿಹಿಯನ್ನು ಹಂತಹಂತವಾಗಿ ಇಳಿಸಬಹುದು. ಮಕ್ಕಳ ನಾಲಗೆ ನಾವು ತಿಳಿದಷ್ಟು ಹಟಮಾರಿಯಲ್ಲ. ಇನ್ನು ಜೋಳ. ಇನ್ನೂರು ಮಕ್ಕಳಿಗೆ ರೊಟ್ಟಿ ಬಡಿಯಿರಿ ಎಂದು ಕಡಿಮೆ ಗೌರವಧನಕ್ಕೆ ದುಡಿಯುವ ಅಡುಗೆಯವರಿಗೆ ಹೇಳುವುದು ಅನ್ಯಾಯ. ಆದರೆ ಜೋಳದ ನುಚ್ಚು ಬೇಯಿಸಲು ಅನ್ನದಷ್ಟೇ ಕೆಲಸ. ವಾರಕ್ಕೆರಡು ದಿನ ನುಚ್ಚು, ಮಡಿಕೆ ಕಾಳಿನ ಸಾರು ಕೊಡಲು ಹೊಸ ಕಾನೂನು ಬೇಕಿಲ್ಲ. ಜಿಲ್ಲೆಯ ಹಿಂಗಾರಿ ಜೋಳ ಬೆಳೆಯುವ ರೈತನಿಗೆ ಅದರಿಂದ ನಷ್ಟವೂ ಇಲ್ಲ.

ಗೇಟಿನ ಹೊರಗಿನ ಮಾತಿಗೆ ಬರೋಣ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರಬಾರದು, ಜಾಹೀರಾತು ಮಾಡಬಾರದು ಎಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮ ಹೇಳುತ್ತದೆ. ಐವತ್ತು ಮೀಟರೆಂದರೆ ದೊಡ್ಡವರ ಎಪ್ಪತ್ತು ಹೆಜ್ಜೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಯಾವುದೇ ಶಾಲೆಯ ಗೇಟಿನಿಂದ ಅಷ್ಟು ಹೆಜ್ಜೆ ಇಟ್ಟು ನೋಡುವ ಕೆಲಸವನ್ನು ಸಭಿಕರಿಗೇ ಬಿಡುತ್ತೇನೆ. ಇಲ್ಲಿ ಏಳುವ ಆಕ್ಷೇಪ ಸಣ್ಣದಲ್ಲ: ಆ ಗೂಡಂಗಡಿ ನಡೆಸುವವಳು ಒಬ್ಬ ಬಡ ಹೆಣ್ಣುಮಗಳು, ಅವಳ ಹೊಟ್ಟೆಗೆ ಕಲ್ಲು ಹಾಕಬೇಕೇ? ಬೇಡ. ದಂಡ ಹಾಕಿ ಓಡಿಸಿದರೆ ಅವಳು ಐವತ್ತೊಂದನೇ ಮೀಟರಿಗೆ ಹೋಗಿ ಅದನ್ನೇ ಮಾರುತ್ತಾಳೆ. ಸ್ತ್ರೀಶಕ್ತಿ ಸಂಘದ ಮೂಲಕ ಅದೇ ಜಾಗದಲ್ಲಿ ಕುದಿಸಿದ ಶೇಂಗಾ, ಕಾಳಿನ ಉಸಳಿ, ಪೇರಲ, ಕಲ್ಲಂಗಡಿ ಹೋಳು, ಮಜ್ಜಿಗೆ ಮಾರಲು ಪುರಸಭೆ ಅಥವಾ ಪಂಚಾಯಿತಿ ಅವಳಿಗೆ ಮೊದಲ ಹಕ್ಕು ಕೊಡಬೇಕು. ಪಕ್ಕದಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇರುವ ಊರಿನಲ್ಲಿ ಶಾಲೆಯ ಮುಂದೆ ಹಣ್ಣು ಸಿಗದಿರುವುದು ಸೋಜಿಗ. ದೊಡ್ಡ ನೀತಿಗಳು ಇದಕ್ಕೆ ಎದುರು ಸೆಳೆಯುತ್ತಿವೆ ಎಂಬುದನ್ನೂ ಮುಚ್ಚಿಡಬಾರದು. 2025ರ ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯಲ್ಲಿ ಕೋಲಾದಂಥ ಸಿಹಿ ಪಾನೀಯದ ತೆರಿಗೆ, ಮೊದಲು ಸೆಸ್ ಸೇರಿ ಇದ್ದಂತೆಯೇ, ಶೇ 40ರಲ್ಲೇ ಉಳಿಯಿತು, ಒಳ್ಳೆಯದೇ. ಅದೇ ಕೈ ಬಿಸ್ಕತ್ತು, ಚಾಕೊಲೇಟು, ಕುರುಕಲು ತಿನಿಸಿನ ತೆರಿಗೆಯನ್ನು ಶೇ 5ಕ್ಕೆ ಇಳಿಸಿತು. ರಾಜ್ಯ ಸರ್ಕಾರ 2024ರಲ್ಲಿ ಗೋಬಿ ಮಂಚೂರಿಯ ಬಣ್ಣವನ್ನು ನಿಷೇಧಿಸಿತು. ಬಣ್ಣ ಹೋಯಿತು, ಕರಿದ ಎಣ್ಣೆ ಉಳಿಯಿತು.

ಆಟದ ವಿಷಯದಲ್ಲಿ ಬೇಕಾದದ್ದು ಹಣಕ್ಕಿಂತ ಸಮಯ. ಮಗುವಿಗೆ ದಿನಕ್ಕೆ ಸರಾಸರಿ 60 ನಿಮಿಷ ಏದುಸಿರು ಬರುವಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವೇಳಾಪಟ್ಟಿಯಲ್ಲಿ ಆಟದ ಪಿರಿಯಡ್ಡು ಇರುತ್ತದೆ. ಎಂಟನೇ ತರಗತಿ ದಾಟಿದ ಮೇಲೆ ಅದನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಟ್ಟುಬಿಡುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಗೆ ಎಷ್ಟನೇ ಸ್ಥಾನ ಎಂದು ಕೇಳುವ ಅಧಿಕಾರಿಗಳು ವಾರಕ್ಕೆ ಎಷ್ಟು ತಾಸು ಆಡಿಸಿದಿರಿ ಎಂದು ಕೇಳಿದ್ದು ಕಡಿಮೆ. ಹೆಣ್ಣುಮಕ್ಕಳ ಪಾಡು ಇನ್ನೂ ಬಿಗಿ. ಮೈನೆರೆದ ಮೇಲೆ ಓಟ ನಿಲ್ಲುತ್ತದೆ, ಮನೆಗೆಲಸ ಮಗ್ಗದ ಕೆಲಸ ಶುರುವಾಗುತ್ತದೆ, ಮೈ ಕೂತಲ್ಲೇ ಉಳಿಯುತ್ತದೆ. ಬಾದಾಮಿಯ ಬಂಡೆ ಹತ್ತಲು ದೇಶ ವಿದೇಶದಿಂದ ಹಗ್ಗ ಹೊತ್ತು ಬರುತ್ತಾರೆ. ಆ ಬಂಡೆಯ ನೆರಳಿನಲ್ಲೇ ಓದುವ ಹುಡುಗಿಯರಲ್ಲಿ ಎಷ್ಟು ಮಂದಿ ಅದನ್ನು ಹತ್ತಿದ್ದಾರೆ? ಬಿಸಿಲು ಹೆಚ್ಚೆಂಬುದು ನಿಜವಾದ ಅಡ್ಡಿ, ಆದರೆ ಅದು ಬೇಸಿಗೆಯ ಕೆಲವು ತಿಂಗಳ ಮಾತು, ಅದಕ್ಕೂ ಪ್ರಾರ್ಥನೆಗೆ ಮುಂಚಿನ ಹೊತ್ತು ಉಂಟು. ಕೊಕ್ಕೊ, ಕಬಡ್ಡಿ, ಹಗ್ಗದಾಟಕ್ಕೆ ಸಲಕರಣೆಯ ಖರ್ಚೂ ಇಲ್ಲ.

ಈಗಾಗಲೇ ಬೊಜ್ಜು ಬಂದ ಮಕ್ಕಳನ್ನು ಏನು ಮಾಡುವುದು? ಅವರಿಗೆ ಬೇಕಾದದ್ದು ಕಾರ್ಯಕ್ರಮಕ್ಕಿಂತ ವೈದ್ಯ. ಕತ್ತಿನ ಹಿಂದೆ ಮಖಮಲ್ಲಿನಂತೆ ಕಪ್ಪಗೆ ದಪ್ಪಗಾದ ಚರ್ಮ, ರಾತ್ರಿ ಗೊರಕೆ, ಹುಡುಗಿಯರಲ್ಲಿ ಮುಟ್ಟು ಏರುಪೇರು ಕಂಡರೆ ಉಪವಾಸ ಮಾಡಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹರೆಯದವರಿಗಾಗಿ ಸ್ನೇಹಾ ಕ್ಲಿನಿಕ್ ಎಂಬ ಬಾಗಿಲಿದೆ. ಜಿಲ್ಲಾ ಕೇಂದ್ರದಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು, ಅದರ ಮಕ್ಕಳ ವಿಭಾಗ, ಸಮುದಾಯ ವೈದ್ಯಕೀಯ ವಿಭಾಗ ಇವೆ. ಬೆಳೆಯುವ ಮಗುವಿನಲ್ಲಿ ಹಲವು ಸಲ ತೂಕ ಇಳಿಸುವುದಕ್ಕಿಂತ, ತೂಕ ನಿಂತು ಎತ್ತರ ಬೆಳೆಯುವಂತೆ ನೋಡಿಕೊಳ್ಳುವುದೇ ಚಿಕಿತ್ಸೆ.

ಕೊನೆಯ ಆಕ್ಷೇಪ ಎಲ್ಲ ಕಡೆ ಕೇಳುವಂಥದ್ದು: ಮಗು ಏನು ತಿನ್ನಬೇಕೆಂಬುದು ತಂದೆತಾಯಿಯ ಹೊಣೆ, ಇದರಲ್ಲಿ ಸರ್ಕಾರ, ಸಮಾಜ ತಲೆಹಾಕುವುದೇಕೆ? ಹೊಣೆ ಅವರದ್ದೇ, ಸಂದೇಹವಿಲ್ಲ. ಆದರೆ ಮಗ್ಗ ಬಿಟ್ಟು ಏಳಲಾಗದ ತಾಯಿಯ ಎದುರು ನಿಂತಿರುವುದು ಕೋಟಿಗಟ್ಟಲೆ ಜಾಹೀರಾತಿಗೆ ಸುರಿಯುವ ವ್ಯಾಪಾರ. ಅವಳಿಗೆ ಬರೀ ಉಪದೇಶ ಕೊಟ್ಟು, ಅವಳ ಮಗುವಿನ ಶಾಲೆಯ ಮುಂದಿನ ಅಂಗಡಿಯನ್ನು ಹಾಗೇ ಬಿಡುವುದು ಸಮನಾದ ಪೈಪೋಟಿಯಲ್ಲ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ಸಕ್ಕರೆ ಫಲಕ ಹಾಕಲು ಹೇಳಿದೆ. ಯಾವ ಪಾನೀಯದಲ್ಲಿ ಎಷ್ಟು ಚಮಚ ಸಕ್ಕರೆ ಎಂದು ಮಗುವೇ ಓದಿಕೊಳ್ಳಲಿ ಎಂದು. ಕನ್ನಡದಲ್ಲಿ ಅಂಥ ಫಲಕ ಬರೆಯಲು ಒಂದು ಡಬ್ಬಿ ಬಣ್ಣ ಸಾಕು.

ಆದ್ದರಿಂದ ಈ ಸಭೆಯಲ್ಲಿರುವ ಶಾಲಾಭಿವೃದ್ಧಿ ಸಮಿತಿಯವರಲ್ಲಿ, ಮುಖ್ಯೋಪಾಧ್ಯಾಯರಲ್ಲಿ, ಖಾಸಗಿ ಸಂಸ್ಥೆಗಳ ಆಡಳಿತ ಮಂಡಳಿಯವರಲ್ಲಿ ನನ್ನ ಕೇಳಿಕೆ ಇದು. ಬರುವ ಜೂನಿನಲ್ಲಿ ಶಾಲೆ ತೆರೆದಾಗ ಪ್ರತಿ ಮಗುವಿನ ಎತ್ತರ, ತೂಕ ಮರೆಯಲ್ಲಿ ಅಳೆದು ಕಾರ್ಡಿನ ಮೇಲೆ ಗುರುತು ಮಾಡಿಸಿ. ಆಟದ ಪಿರಿಯಡ್ಡನ್ನು ಯಾವ ವಿಷಯಕ್ಕೂ ಬಿಟ್ಟುಕೊಡುವುದಿಲ್ಲ ಎಂದು ನಡಾವಳಿಯಲ್ಲಿ ಬರೆಸಿ. ಗೇಟಿನ ಮುಂದಿನ ಅಂಗಡಿಯವಳನ್ನು ಒಮ್ಮೆ ಸಭೆಗೆ ಕರೆದು ಕೂರಿಸಿ ಮಾತಾಡಿ. ಖಾಸಗಿ ಶಾಲೆಗಳಿಗೂ ಸಂಚಾರಿ ಆರೋಗ್ಯ ತಂಡ ಬರಲಿ ಎಂದು ಜಿಲ್ಲಾ ಪಂಚಾಯಿತಿಗೆ ಅರ್ಜಿ ಕೊಡಿ. ಆ ಅರ್ಜಿಗೆ ಸರ್ಕಾರಿ ಶಾಲೆಯವರೂ ಖಾಸಗಿ ಶಾಲೆಯವರೂ ಒಟ್ಟಿಗೆ ಸಹಿ ಹಾಕಿ.